ಲಾಟೀನು ಹಿಡಿದವಳು

ಒಂಬತ್ತನೇ ಸಂಚಿಕೆಯಲ್ಲೂ ಕೊಲೆಗಾರ ಸಿಕ್ಕಿಬೀಳಲಿಲ್ಲ. ಜ್ಯೋತಿಲಕ್ಷ್ಮಿಗೆ ಸಿಟ್ಟು ಬಂತು, ಆಮೇಲೆ ತನ್ನ ಸಿಟ್ಟು ಕಂಡು ತನಗೇ ನಗು ಬಂತು. ನಲವತ್ತೊಂಬತ್ತು ವರ್ಷದ ಹೆಂಗಸು, ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು, ರೇಷ್ಮೆ ಸೀರೆ ಉಟ್ಟು ಸೊರಬದ ತವರಿಗೆ ಊಟಕ್ಕೆ ಹೊರಟವಳು, ಗಂಡನ ಪಕ್ಕ ಕಾರಿನಲ್ಲಿ ಕೂತು ತೊಡೆಯ ಮೇಲೆ ಕಾಮಿಕ್ಸ್ ಪುಸ್ತಕ ಹರಡಿಕೊಂಡು, ಎಲ್ಲೂ ಇಲ್ಲದ ಊರಿನ ಯಾವನೋ ಒಬ್ಬ ತಪ್ಪಿಸಿಕೊಂಡನೆಂದು ಹಲ್ಲು ಕಡಿಯುವುದೆಂದರೆ ಏನು ಹೇಳಬೇಕು. ಗಂಡ ಸಿದ್ಧಲಿಂಗೇಶ್ ಶಿಕಾರಿಪುರ ಬಿಟ್ಟಾಗಿನಿಂದ ಫೋನಿನಲ್ಲಿ ಗೊಬ್ಬರದ ಲೋಡಿನ ವಿಷಯಕ್ಕೆ ಯಾರ ಮೇಲೋ ರೇಗುತ್ತಿದ್ದ. ಶಿರಾಳಕೊಪ್ಪದಲ್ಲಿ ದನಗಳು ಅಡ್ಡ ಬಂದು ಕಾರು ನಿಂತಾಗ ಮಾತು ಮುಗಿಸಿ ಅವಳ ತೊಡೆಯ ಕಡೆ ನೋಡಿದ. ಚಿತ್ರದ ಪುಸ್ತಕವಾ ಎಂದು ಕೇಳಿದ. ಹೌದೆಂದಳು. ನಿಮ್ಮಣ್ಣನ ಮನೆಯಲ್ಲಿ ಅದನ್ನು ಹೊರಗೆ ತೆಗೆಯಬೇಡ, ಲೈಬ್ರರಿ ಮೇಡಮ್ಮು ಅಂತ ಮರ್ಯಾದೆ ಕೊಡುತ್ತಾರೆ, ಅಷ್ಟನ್ನಾದರೂ ಉಳಿಸಿಕೋ ಎಂದ. ಊಟ ಬೇಗ ಮುಗಿಸಬೇಕು, ಮೂರು ಗಂಟೆಗೆ ರಿಜಿಸ್ಟ್ರಾಫೀಸಿನಲ್ಲಿ ಸ್ಲಾಟ್ ಇದೆ, ಸೈನ್ ಹಾಕಿ ಬಂದುಬಿಟ್ಟರೆ ಕತ್ತಲಾಗುವ ಮೊದಲು ಊರು ಸೇರಬಹುದು ಎಂದೂ ಸೇರಿಸಿದ. ಅವಳು ಪುಸ್ತಕವನ್ನು ಬ್ಯಾಗಿಗೆ ಹಾಕಿದಳು. ಎರಡು ಕಿಲೋಮೀಟರು ದಾಟಿದ ಮೇಲೆ ಮತ್ತೆ ಹೊರಗೆ ತೆಗೆದಳು.

ಪುಸ್ತಕಗಳು ಅವಳಿಗೆ ಸಿಕ್ಕಿ ಒಂದು ತಿಂಗಳೂ ಆಗಿಲ್ಲ. ತೀರಿಕೊಂಡ ಪೋಸ್ಟ್ ಮಾಸ್ಟರೊಬ್ಬರ ಮನೆಯವರು ಮನೆ ಖಾಲಿ ಮಾಡುತ್ತ ಒಂದು ಗೋಣಿಚೀಲವನ್ನು ಲೈಬ್ರರಿಗೆ ದಾನವೆಂದು ತಂದು ಹಾಕಿ ಹೋಗಿದ್ದರು. ಹಳೇ ಪಂಚಾಂಗ, ಗೈಡುಗಳು, ಮದುವೆ ಕರೆಯೋಲೆಗಳ ಅಡಿಯಲ್ಲಿ ಸೆಣಬಿನ ದಾರ ಕಟ್ಟಿದ ಒಂಬತ್ತು ತೆಳ್ಳನೆಯ ಪುಸ್ತಕ. ಕರೀ ರಟ್ಟಿನ ಮೇಲೆ ಬಿಳೀ ಅಕ್ಷರದಲ್ಲಿ ‘ಕಾಳಿಂಗ ಚೌಕ’ ಎಂದಿತ್ತು. ಬರೆದವರ ಹೆಸರಿಲ್ಲ, ಚಿತ್ರ ಬಿಡಿಸಿದವರ ಹೆಸರಿಲ್ಲ. ರದ್ದಿಗೆ ಹಾಕೋಣವೆಂದು ಎತ್ತಿಕೊಂಡವಳು ನಿಂತಲ್ಲೇ ಒಂದು ಪುಟ ತಿರುವಿದಳು, ಸ್ಟೂಲಿನ ಮೇಲೆ ಕೂತಳು, ಪೇಪರ್ ಓದಲು ಬಂದಿದ್ದ ಮುದುಕರೊಬ್ಬರು ಕರೆಂಟು ಬಂದು ಅರ್ಧ ತಾಸಾಯಿತು, ಫ್ಯಾನ್ ಹಾಕಮ್ಮ ಎನ್ನುವವರೆಗೂ ತಲೆ ಎತ್ತಲಿಲ್ಲ. ಆ ಪುಸ್ತಕದಲ್ಲಿ ಬಣ್ಣವಿರಲಿಲ್ಲ, ಬೂದು ಕೂಡ ಇರಲಿಲ್ಲ. ಕಪ್ಪು, ಇಲ್ಲದಿದ್ದರೆ ಬಿಳುಪು. ಮನುಷ್ಯರ ಮುಖಗಳು ಅರ್ಧ ಮಾತ್ರ ಕಾಣುತ್ತಿದ್ದವು, ಉಳಿದರ್ಧವನ್ನು ಮಸಿ ನುಂಗಿಬಿಟ್ಟಿತ್ತು. ಊರೇನು ದೊಡ್ಡ ಪಟ್ಟಣವಲ್ಲ. ಒಂದು ಚೌಕ, ಒಂದು ಕೋರ್ಟು, ಒಂದು ಲಾಡ್ಜು, ಬಸ್‌ಸ್ಟ್ಯಾಂಡಿನ ಪಕ್ಕ ಹೋಟೆಲು. ಮೋನಪ್ಪನೆಂಬ ಸಸ್ಪೆಂಡಾದ ಇನ್ಸ್‌ಪೆಕ್ಟರು ಒಂಬತ್ತೂ ಸಂಚಿಕೆಯಲ್ಲಿ ಹಲ್ಲುನೋವೆಂದು ದವಡೆಯಲ್ಲಿ ಲವಂಗ ಒತ್ತಿಕೊಂಡು ತಿರುಗುತ್ತಾನೆ. ಕೊಲೆ ಯಾರು ಮಾಡಿದರೆಂದು ನಾಲ್ಕನೇ ಪುಟಕ್ಕೇ ಗೊತ್ತಾಗುತ್ತದೆ. ಮಾಡಿದವರೆಲ್ಲ ಶಾಲು ಹೊದ್ದವರು, ಸಭೆಯಲ್ಲಿ ಮುಂದಿನ ಕುರ್ಚಿಯವರು. ಮೋನಪ್ಪ ಅವರನ್ನು ಹಿಡಿಯುವುದೇ ಇಲ್ಲ, ಹಿಡಿಯುವ ಅಧಿಕಾರವೂ ಅವನಿಗಿಲ್ಲ, ಮೂರನೇ ಸಂಚಿಕೆಯಲ್ಲಿ ಅವನೇ ಲಂಚ ತಿಂದಿದ್ದಾನೆ. ಅವನು ಮಾಡುವುದು ಒಂದೇ ಕೆಲಸ. ಕೊಲೆಯಾದಾಗ ಸುತ್ತಮುತ್ತ ಇದ್ದವರ ಮನೆಮನೆಗೆ ಹೋಗಿ, ನೀವು ಆಗ ಎಲ್ಲಿ ನಿಂತಿದ್ದಿರಿ ಎಂದು ಕೇಳುತ್ತಾನೆ.

ಪಂಚಾಯಿತಿ ಮೆಂಬರ್ ಚನ್ನೇಶ್ ಒಂದು ದಿನ ಫೋಟೋ ತೆಗೆಸಿಕೊಳ್ಳಲು ಲೈಬ್ರರಿಗೆ ಬಂದವನು ಮೇಜಿನ ಮೇಲಿದ್ದ ಈ ಪುಸ್ತಕಗಳನ್ನು ತಿರುವಿ ನೋಡಿದ್ದ. ಬರೀ ಕೊಲೆ, ರಕ್ತ, ಕುಡಿತ, ಇಂಥವು ಲೈಬ್ರರಿಯಲ್ಲಿದ್ದರೆ ಮಕ್ಕಳು ಹಾಳಾಗುತ್ತಾರೆ, ಸುಡಿಸಿಬಿಡಿ ಮೇಡಮ್ ಎಂದಿದ್ದ. ಅವಳ ಬಾಯಿಂದ ಅಭ್ಯಾಸಬಲದಿಂದ ಆಯ್ತು ಸರ್ ಎಂಬ ಮಾತು ಬಂದಿತ್ತು. ಇಪ್ಪತ್ತು ವರ್ಷದಿಂದ ಅವಳು ಹೇಳುತ್ತ ಬಂದ ಮಾತು ಅದು. ಪ್ರತಿ ಆಗಸ್ಟ್ ತಿಂಗಳು ಅದೇ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಲವತ್ತೆರಡರಲ್ಲಿ ಈಸೂರಿನವರು ಬ್ರಿಟಿಷ್ ಸರ್ಕಾರಕ್ಕೆ ಹೇಗೆ ಆಗೋದಿಲ್ಲ ಎಂದರು ಅಂತ ಗಂಟಲು ತುಂಬಿ ಭಾಷಣ ಮಾಡುತ್ತಾಳೆ, ಮಾರನೇ ದಿನ ಕಸ ಗುಡಿಸುವುದಕ್ಕೂ ಮೆಂಬರನ್ನು ಕೇಳುತ್ತಾಳೆ. ಅವನ ಬೈಕು ಮರೆಯಾದ ಮೇಲೆ ಅವಳು ಸೀಲು ತೆಗೆದು ಒಂಬತ್ತೂ ಪುಸ್ತಕಕ್ಕೆ ಮುಂದೆ, ಹಿಂದೆ, ನಡುವೆ, ಮೂರು ಮೂರು ಕಡೆ ಠಸ್ಸೆ ಒತ್ತಿದಳು. ಸೀಲು ಬಿದ್ದ ಪುಸ್ತಕವನ್ನು ಸುಡಲು ಅವನಪ್ಪನಿಗೂ ಆಗುವುದಿಲ್ಲ. ಅಷ್ಟು ಖುಷಿ ಅವಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ.

ಆದರೆ ಆರನೇ ಸಂಚಿಕೆ ಅವಳ ನಿದ್ದೆ ಕೆಡಿಸಿತು. ಅದರಲ್ಲಿ ಒಬ್ಬ ಶೆಟ್ಟರು ತಮ್ಮ ಪಾಲುದಾರನನ್ನು ಕೊಂದು ಹಿತ್ತಲಲ್ಲಿ ಹೂಳುತ್ತಾರೆ. ಅವರ ಹೆಂಡತಿಗೆ ಹೆಸರೇ ಇಲ್ಲ. ಗಂಡ ಗುಂಡಿ ತೋಡುವಾಗ ಅವಳು ಲಾಟೀನು ಹಿಡಿದು ನಿಂತಿರುತ್ತಾಳೆ. ಮೋನಪ್ಪ ಬಂದು ನೀನೇನು ಮಾಡಿದೆ ತಾಯಿ ಎಂದು ಕೇಳಿದಾಗ, ನಾನೇನೂ ಮಾಡಲಿಲ್ಲಪ್ಪ, ಲಾಟೀನು ಹಿಡಿದಿದ್ದೆ ಅಷ್ಟೆ ಎನ್ನುತ್ತಾಳೆ. ಅದಾದ ಮೇಲೆ ಒಂದು ಪುಟ ಪೂರ್ತಿ ಕಪ್ಪು. ಪ್ರೆಸ್ಸಿನವರ ತಪ್ಪೇನೋ ಎಂದು ಅವಳು ಬೆಳಕಿಗೆ ಹಿಡಿದು ನೋಡಿದ್ದಳು. ತಪ್ಪಲ್ಲ, ಬೇಕೆಂದೇ ಮಾಡಿದ್ದರು. ಆ ಕಪ್ಪು ನೋಡುತ್ತಿದ್ದಂತೆ ಅವಳಿಗೆ ತನ್ನ ಮನೆಯ ಹಳೆಯದೊಂದು ಕೂಗು ನೆನಪಾಯಿತು, ಕೊಬ್ಬರಿ ಎಣ್ಣೆ ತಗೊಂಡ್ಬಾ ಎಂದು ಯಾರೋ ಕೂಗಿದ್ದರು. ಹದಿಮೂರು ವರ್ಷದ ಹಿಂದಿನ ಒಂದು ಶ್ರಾವಣದ ಮಧ್ಯಾಹ್ನ, ಮಾವ ತೀರಿಕೊಂಡು ವರ್ಷಾಂತಿಕ ಮುಗಿದಿತ್ತು, ಗಂಡನ ಅಕ್ಕ ಗುಡ್ಡಮ್ಮ ಈಸೂರಿನಿಂದ ಬಂದಿದ್ದಳು. ಹೋಳಿಗೆ ಊಟ ಆಗಿತ್ತು. ಹಸಿರು ಸೀರೆ ಕೊಟ್ಟು ಉಡಿ ತುಂಬಿದ್ದರು. ತುಂಬಿದವಳು ಜ್ಯೋತಿಲಕ್ಷ್ಮಿಯೇ, ಐದು ಬೊಗಸೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಅರಿಶಿನದ ಕೊಂಬು. ಉಡಿ ತುಂಬಿಸಿಕೊಂಡ ಹೆಣ್ಣುಮಗಳ ಎರಡೂ ಕೈ ಸೆರಗು ಹಿಡಿದಿರುತ್ತವೆ, ತವರಿನ ಅಕ್ಕಿ ಮಡಿಲಲ್ಲಿರುವಾಗ ಆಕೆ ಯಾವುದಕ್ಕೂ ಒಲ್ಲೆ ಅನ್ನುವ ಹಾಗಿಲ್ಲ, ಅಪಶಕುನ. ಊರಲ್ಲಿ ಎಲ್ಲರ ಮನೆಯಲ್ಲೂ ಕಾಗದ ಹೊರಗೆ ಬರುವುದು ಸರಿಯಾಗಿ ಅದೇ ಹೊತ್ತಿಗೆ. ಗುಡ್ಡಮ್ಮ ಒಂದು ಕೈ ಬಿಡಿಸಿಕೊಂಡು ಹೆಬ್ಬೆಟ್ಟು ಮುಂದೆ ಮಾಡಿ, ತಮ್ಮನನ್ನು ಕೇಳದೆ ಅವನ ಹೆಂಡತಿಯ ಕಡೆ ತಿರುಗಿದ್ದಳು. ಏನು ಬರ್ದೈತೆ, ಸ್ವಲ್ಪ ಓದಿ ಹೇಳು, ನೀ ಓದಿದಾಕಿ ಎಂದಿದ್ದಳು. ಜ್ಯೋತಿಲಕ್ಷ್ಮಿ ಕಾಗದವನ್ನು ಬೆಳಿಗ್ಗೆಯೇ ಓದಿದ್ದಳು. ತಂದೆಯ ಆಸ್ತಿಯಲ್ಲಿ ತನ್ನ ಪಾಲಿನ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ಕಾಗದದ ಮೇಲೆ ಕಣ್ಣಿಟ್ಟು, ಏನಿಲ್ಲ ಅಕ್ಕ, ಖಾತೆ ಬದಲಾಯಿಸೋ ಕಾಗದ ಅಷ್ಟೆ ಎಂದಿದ್ದಳು. ಆಮೇಲೆ ಆಕೆಯ ಹೆಬ್ಬೆಟ್ಟಿನ ಮಸಿಯನ್ನು ಎಣ್ಣೆ ಹಚ್ಚಿ, ತನ್ನ ಸೆರಗಿನಿಂದಲೇ ಒರೆಸಿ ಕೊಟ್ಟಿದ್ದಳು. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ನಾದಿನಿಯನ್ನು ಎಂದು ಪಕ್ಕದ ಮನೆಯವರು ಹೊಗಳಿದ್ದರು.

ಗುಡ್ಡಮ್ಮನ ಪಾಲು ಒಂದೂವರೆ ಎಕರೆ, ಅಂಬ್ಲಿಗೊಳದ ನಾಲೆ ನೀರು ಹಾಯುವ ಗದ್ದೆ. ಎರಡು ವರ್ಷ ಬಿಟ್ಟು ಸಿದ್ಧಲಿಂಗೇಶ್ ಆ ಗದ್ದೆಯನ್ನು ಹೆಂಡತಿಯ ಹೆಸರಿಗೇ ದಾನಪತ್ರ ಮಾಡಿಸಿದ, ಈಗ ಪಹಣಿಯಲ್ಲಿ ಜ್ಯೋತಿಲಕ್ಷ್ಮಿ ಕೋಂ ಸಿದ್ಧಲಿಂಗೇಶ್ ಎಂದೇ ಇದೆ. ಅವಳು ಅದನ್ನು ಪ್ರೀತಿಯೆಂದು ತಿಳಿದಿದ್ದಳು. ಆರನೇ ಸಂಚಿಕೆ ಓದುವವರೆಗೂ ಹಾಗೇ ತಿಳಿದಿದ್ದಳು. ಈಗ ಕಾರಿನ ಕಿಟಕಿಯಿಂದ ಅವನ ಅರ್ಧ ಮುಖಕ್ಕೆ ಬಿಸಿಲು ಬಿದ್ದಿತ್ತು. ನಮಗೆ ಅವರದ್ದು ಒಂದು ಅಡಿಯೂ ಬೇಡ, ಅಣ್ಣ ಕೇಳಿದ ಕಡೆ ಕಣ್ಣು ಮುಚ್ಚಿ ಸೈನ್ ಹಾಕು, ತವರು ಚೆನ್ನಾಗಿರಲಿ ಎಂದು ಅವನು ಕಳೆದ ವಾರ ಹೇಳಿದಾಗ ಎಂಥ ದೊಡ್ಡ ಮನಸ್ಸು ಎಂದು ಅವಳಿಗೆ ಕಣ್ಣು ತುಂಬಿ ಬಂದಿತ್ತು. ಬೇರೆ ಗಂಡಂದಿರು ಹೆಂಡತಿಯ ಪಾಲಿಗೆ ಕೋರ್ಟು ಹತ್ತುತ್ತಾರೆ. ಮೋನಪ್ಪನಾಗಿದ್ದರೆ ಲವಂಗ ಕಚ್ಚಿ ಒಂದೇ ಮಾತು ಕೇಳುತ್ತಿದ್ದ, ಈ ಮನುಷ್ಯ ಇಷ್ಟು ಒಳ್ಳೆಯವನಾಗುವುದಕ್ಕೆ ಕಾರಣವೇನು. ಕಾರಣ ಈಸೂರಿನಲ್ಲಿ ಕೂತಿತ್ತು. ಇವಳು ಸೊರಬದಲ್ಲಿ ಪಾಲು ಕೇಳಿದರೆ ನಾಳೆ ಗುಡ್ಡಮ್ಮ ಶಿಕಾರಿಪುರದಲ್ಲಿ ಕೇಳುತ್ತಾಳೆ. ಅವನ ಔದಾರ್ಯದ ಬುಡ ಇಷ್ಟೇ. ಇಪ್ಪತ್ತಾರು ವರ್ಷ ಜೊತೆಗೆ ಉಂಡು ಮಲಗಿದವನ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ಸುಳ್ಳಾಗಲಿಲ್ಲ.

ಸೊರಬದಲ್ಲಿ ಅಣ್ಣ ಪರಮಶಿವಪ್ಪ ಗೇಟಿನಲ್ಲೇ ನಿಂತಿದ್ದ. ಅವನನ್ನು ಕಂಡ ಕೂಡಲೇ ಅವಳ ಗಟ್ಟಿತನವೆಲ್ಲ ಕರಗಿ ಹೋಯಿತು. ಬಂದಳಿಕೆಯ ಕಡೆಯ ಹೊಲದಿಂದ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಟವೆಲ್ಲು ಸುತ್ತಿ ಅವಳನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು ಇವನು. ಅಪ್ಪ ಪಿಯುಸಿ ಸಾಕು ಎಂದಾಗ ಡಿಗ್ರಿ ಓದಲಿ ಎಂದು ಹಟ ಹಿಡಿದವನೂ ಇವನೇ. ಕಾಮಿಕ್ಸಿನಲ್ಲಿ ಇಂಥವರಿಗೆ ಏನು ಮಾಡುತ್ತಾರೋ ಅವಳಿಗೆ ನೆನಪಾಗಲಿಲ್ಲ. ಬಹುಶಃ ಅವರ ಮುಖದ ಮೇಲೂ ಅರ್ಧ ಮಸಿ ಸುರಿಯುತ್ತಾರೆ. ಅತ್ತಿಗೆ ರಾಜೇಶ್ವರಮ್ಮ ಕಾಲಿಗೆ ನೀರು ಕೊಟ್ಟರು, ಸಣ್ಣಗಾಗಿದ್ದೀಯ ಎಂದರು. ಒಳಗೆ ಕಡಲೆಬೇಳೆ ಹೂರಣದ ವಾಸನೆ. ಜಗಲಿಯ ತುದಿಯಲ್ಲಿ ಪತ್ರ ಬರೆಯುವ ಕೊಟ್ರೇಶ್ ಹಸಿರು ಫೈಲು ತೊಡೆಯ ಮೇಲಿಟ್ಟುಕೊಂಡು ಮಜ್ಜಿಗೆ ಕುಡಿಯುತ್ತಿದ್ದ. ಅಪ್ಪ ಹೋಗಿ ವರ್ಷವಾಗಿತ್ತು. ಐದು ಎಕರೆ ಹೊಲ, ಈ ಮನೆ, ಪಕ್ಕದ ಖಾಲಿ ಸೈಟು. ಇವುಗಳಲ್ಲಿ ಅರ್ಧ ತನ್ನದೆಂಬುದು ಅವಳಿಗೆ ಗೊತ್ತಿತ್ತು, ಆದರೆ ಆ ಮಾತನ್ನು ಬಾಯಿಗೆ ತಂದುಕೊಂಡರೆ ಹೂರಣ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಉಣ್ಣುವಾಗ ಅಣ್ಣ ತಾನೇ ತುಪ್ಪ ಬಡಿಸಿದ. ಹಬ್ಬಕ್ಕೆ ಬಾ, ನಿನ್ನ ಮಗಳಿಗೆ ಗಂಡು ನೋಡುವುದಿದ್ದರೆ ಹೇಳು, ನಾನಿಲ್ಲವಾ ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ, ಇದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಊಟವಾದ ಮೇಲೆ ಅತ್ತಿಗೆ ಮಣೆ ಹಾಕಿದರು. ಶಿಕಾರಿಪುರದ ಕಡೆ ಉಡಿ ಎನ್ನುವುದನ್ನು ಇಲ್ಲಿ ಮಡಿಲು ಎನ್ನುತ್ತಾರೆ, ಅಕ್ಕಿ ಮಾತ್ರ ಅದೇ. ಮಡಿಲು ತುಂಬುವುದಕ್ಕೆ ಇಟ್ಟಿದ್ದ ಸೀರೆಯ ಬಣ್ಣ ಮೆಂತ್ಯದ್ದು, ಅವಳಿಗೆ ಇಷ್ಟವೆಂದು ಅತ್ತಿಗೆಗೆ ಗೊತ್ತಿತ್ತು. ಅವಳು ಮಣೆಯ ಹತ್ತಿರ ಬಂದಳು, ಕೂರಲಿಲ್ಲ. ಮಡಿಲು ಆಮೇಲೆ ಅತ್ತಿಗೆ, ಮೊದಲು ಆ ಕಾಗದ ಕೊಡಿ ನೋಡೋಣ ಎಂದಳು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಕೊಟ್ರೇಶ್ ಫೈಲು ತೆರೆದು ಎಲ್ಲೆಲ್ಲಿ ಸೈನ್ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದನ್ನು ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ಲೈಬ್ರರಿಯಲ್ಲಿ ಕಣ್ಣು ಕಾಣದ ಮುದುಕರಿಗೆ ಪೇಪರ್ ಓದುವ ದನಿ ಅದು, ಅಕ್ಷರ ಬಿಡಿಸಿ, ನಿಧಾನಕ್ಕೆ. ಸಿದ್ಧಲಿಂಗೇಶ್ ಟೈಮಾಯ್ತು ಎಂದ, ಅವಳು ಬೆರಳಿಟ್ಟು ನಿಲ್ಲಿಸಿ, ಅವನ ಮಾತು ಮುಗಿದ ಮೇಲೆ ಮುಂದಿನ ಪದ ಓದಿದಳು. ಸದರಿ ಸ್ವತ್ತಿನಲ್ಲಿ ನನಗೆ ಸಲ್ಲತಕ್ಕ ಸಕಲ ಹಕ್ಕನ್ನೂ ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ, ಸ್ಥಿರಚಿತ್ತದಿಂದ ಎನ್ನುವಲ್ಲಿಗೆ ಬಂದು ತಲೆ ಎತ್ತಿದಳು.

“ಕೊಟ್ರೇಶಪ್ಪ, ಈ ಸ್ವಸಂತೋಷ ಅಂತ ಯಾರು ಬರೆಸಿದ್ದು?”

“ಅದು ಎಲ್ಲ ಪತ್ರದಾಗೂ ಇರ್ತದಮ್ಮ. ಯಾರೂ ಬರ್ಸೋದಲ್ಲ.”

“ನಂಗೆ ಸಂತೋಷ ಇಲ್ಲ,” ಎಂದಳು. ಕನ್ನಡಕ ತೆಗೆದು ಅಣ್ಣನ ಕಡೆ ತಿರುಗಿದಳು. “ಅಣ್ಣ, ನಾನು ಸೈನ್ ಹಾಕಲ್ಲ.”

ಕಾಗದವನ್ನು ಮಡಿಸಿ ಮಣೆಯ ಮೇಲೆ ಇಟ್ಟಳು. ಮೊದಲು ಎಲ್ಲರೂ ಅವಳಿಗೆ ಮೈ ಸರಿಯಿಲ್ಲವೇನೋ ಎಂಬಂತೆ ನಡೆದುಕೊಂಡರು. ಅತ್ತಿಗೆ ನೀರು ತಂದರು. ಅಣ್ಣ ಹತ್ತಿರ ಕೂತು, ಹಣ ಏನಾದರೂ ಬೇಕಿತ್ತಾ, ಕೇಳಬಾರದಾ ಎಂದ. ಹಣ ಬೇಡ, ಹೊಲದಲ್ಲಿ ನನ್ನ ಭಾಗ ನನ್ನ ಹೆಸರಿಗೆ ಇರಲಿ, ಉಳುಮೆ ನೀನೇ ಮಾಡು, ಆದರೆ ನಾನು ಈ ಮನೆಯಲ್ಲಿ ಹುಟ್ಟಿದ್ದೆ ಅನ್ನೋದು ಒಂದು ಕಾಗದದಲ್ಲಾದರೂ ಇರಲಿ ಎಂದಳು. ಅಣ್ಣನ ಮುಖ ಕೆಂಪಾಯಿತು. ನಿನ್ನನ್ನು ಓದಿಸಿದ್ದು ಇದಕ್ಕಾ ಎಂದ. ಹೌದು ಕಣೋ ಇದಕ್ಕೇ ಎನ್ನಬೇಕೆನಿಸಿತು. ಅತ್ತಿಗೆ ಸೀರೆಯನ್ನು ಎತ್ತಿ ಒಳಗೆ ಇಟ್ಟುಬಿಟ್ಟರು. ಇನ್ನು ಈ ಮನೆಯಲ್ಲಿ ಯಾರೂ ತನ್ನನ್ನು ಗೇಟಿನಲ್ಲಿ ನಿಂತು ಕಾಯುವುದಿಲ್ಲ ಎಂದು ಅವಳಿಗೆ ಆ ಕ್ಷಣ ಗೊತ್ತಾಯಿತು. ಆದರೂ ಕಾಗದವನ್ನು ಮುಟ್ಟಲಿಲ್ಲ. ಸಿದ್ಧಲಿಂಗೇಶ್ ಎದ್ದು ನಿಂತು, ಇವಳ ತಲೆ ಕೆಟ್ಟಿದೆ, ಯಾವುದೋ ಚಿತ್ರದ ಪುಸ್ತಕ ಓದಿ ಓದಿ ಹೀಗಾಗಿದ್ದಾಳೆ, ನಾನು ಮನೆಯಲ್ಲಿ ಹೇಳಿ ಒಪ್ಪಿಸುತ್ತೇನೆ, ನೀವು ಬೇಜಾರು ಮಾಡ್ಕೋಬೇಡಿ ಎಂದು ಅಣ್ಣನ ಕೈ ಹಿಡಿದುಕೊಂಡ. ನಾಲ್ಕು ಜನರ ಮುಂದೆ ತನ್ನನ್ನು ಹೀಗೆ ಹುಚ್ಚಿಯನ್ನಾಗಿ ಮಾಡಿದ್ದಕ್ಕೆ ಅವಳ ಕಿವಿ ಬಿಸಿಯಾಯಿತು. ಓದಿದ್ದು ನಿಜ, ಒಂಬತ್ತೂ ಓದಿದ್ದೀನಿ, ಬೇಕಾದರೆ ನಿಮಗೂ ಕೊಡ್ತೀನಿ ಎಂದು ಬ್ಯಾಗಿನಿಂದ ಪುಸ್ತಕ ತೆಗೆದು ಮಣೆಯ ಮೇಲೆ, ಕಾಗದದ ಪಕ್ಕ ಇಟ್ಟಳು. ಕೊಟ್ರೇಶ್ ಕುತೂಹಲಕ್ಕೆ ಕತ್ತು ಚಾಚಿದ.

ಪರಮಶಿವಪ್ಪ ಭಾವಮೈದುನನ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ಅವನು ಒಳ್ಳೆಯವನು, ಹಾಗೆಂದು ದಡ್ಡನಲ್ಲ.

“ಆಯ್ತು ಜ್ಯೋತಿ. ನ್ಯಾಯ ಅಂತೀಯಲ್ಲ, ನ್ಯಾಯವೇ ಆಗ್ಲಿ. ನಿಮ್ಮ ನಾದಿನಿ ಗುಡ್ಡಮ್ಮನೋರಿಗೆ ನೀವೆಷ್ಟು ಕೊಟ್ರಿ?”

ಆ ಪ್ರಶ್ನೆ ಬರುತ್ತದೆಂದು ಅವಳಿಗೆ ಶಿರಾಳಕೊಪ್ಪದಲ್ಲೇ ಗೊತ್ತಿತ್ತು, ಆರನೇ ಸಂಚಿಕೆಯಿಂದಲೇ ಗೊತ್ತಿತ್ತು. ಆದರೆ ಅದನ್ನು ಒಬ್ಬಳೇ ಇರುವಾಗ ತನಗೆ ತಾನೇ ಕೇಳಿಕೊಳ್ಳುತ್ತೇನೆ, ಉತ್ತರವನ್ನೂ ಅಲ್ಲೇ ಅಡಗಿಸಿಡುತ್ತೇನೆ ಎಂದುಕೊಂಡಿದ್ದಳು. ಗಂಡ ಅವಳನ್ನೇ ನೋಡುತ್ತಿದ್ದ, ಮೊದಲ ಬಾರಿಗೆ ಅವನ ಕಣ್ಣಿನಲ್ಲಿ ಬೇಡಿಕೊಳ್ಳುವ ಭಾವವಿತ್ತು. ಆ ಕೇಸೇ ಬೇರೆ ಎಂದು ಹೇಳಬಹುದಿತ್ತು, ಅವಳೇ ಬೇಡವೆಂದಳು ಎನ್ನಬಹುದಿತ್ತು, ಊರಿನವರೆಲ್ಲ ಹಾಗೇ ಹೇಳುತ್ತಾರೆ. ಇಲ್ಲವೇ ಈ ಕಾಗದಕ್ಕೆ ಸೈನ್ ಹಾಕಿಬಿಟ್ಟರೆ ಎರಡು ಕಡೆಯ ಲೆಕ್ಕವೂ ಸಮ, ಮೆಂತ್ಯದ ಬಣ್ಣದ ಸೀರೆ ಮತ್ತೆ ಹೊರಗೆ ಬರುತ್ತದೆ. ಅವಳಿಗೆ ಭಯವಾಗುತ್ತಿತ್ತು, ಆ ಭಯದ ಅಡಿಯಲ್ಲಿ, ಬಹಳ ಹೊತ್ತು ತಡೆದ ಸೀನು ಕೊನೆಗೂ ಬರುವಾಗಿನ ಹಗುರವೂ ಇತ್ತು.

“ಏನೂ ಕೊಟ್ಟಿಲ್ಲ,” ಎಂದಳು. “ಮೋಸ ಮಾಡಿದೀವಿ. ಮಾಡಿದ್ದು ಇವರು, ಪಕ್ಕದಲ್ಲಿದ್ದವಳು ನಾನು. ಆ ಗದ್ದೆ ಈಗ ನನ್ನ ಹೆಸರಲ್ಲಿದೆ. ಅದನ್ನ ವಾಪಸ್ ಮಾಡ್ತೀನಿ.”

ಸಿದ್ಧಲಿಂಗೇಶ್ ಬಾಯಿ ಮುಚ್ಚು ಎಂದ. ಮನೆಗೆ ಬಾ ಆಮೇಲೆ ನೋಡ್ಕೋತೀನಿ ಎಂದ. ಅವಳು ಆಗಲೇ ಫೋನ್ ತೆಗೆದು ಸ್ಪೀಕರಿಗೆ ಹಾಕಿದ್ದಳು, ಒಬ್ಬಳೇ ಕೇಳಿಸಿಕೊಂಡರೆ ನಾಳೆ ತಾನೇ ಮಾತು ತಿರುಚಿಕೊಳ್ಳುತ್ತೇನೆಂಬ ಅನುಮಾನ ಅವಳಿಗೆ ತನ್ನ ಮೇಲೇ ಇತ್ತು. ಈಸೂರಿನಲ್ಲಿ ಎಂಟು ಹತ್ತು ಸಲ ರಿಂಗಾದ ಮೇಲೆ ಗುಡ್ಡಮ್ಮ ಎತ್ತಿದಳು, ಹಿಂದೆ ಕೋಳಿ ಕೂಗುತ್ತಿತ್ತು. ಜ್ಯೋತಿಲಕ್ಷ್ಮಿ ಮುನ್ನುಡಿ ಹಾಕಲಿಲ್ಲ. ಅವತ್ತು ಶ್ರಾವಣದಲ್ಲಿ ನೀವು ಹೆಬ್ಬೆಟ್ಟು ಒತ್ತಿದ್ದು ಖಾತೆಯ ಕಾಗದವಲ್ಲ, ಗದ್ದೆಯಲ್ಲಿ ನಿಮ್ಮ ಭಾಗ ಬಿಟ್ಟುಕೊಟ್ಟ ಕಾಗದ, ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ ಅಕ್ಕ, ಈಗ ಅದನ್ನು ನಿಮ್ಮ ಹೆಸರಿಗೆ ವಾಪಸ್ ಬರೆದುಕೊಡುತ್ತೇನೆ ಎಂದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಫೋನು ಕಟ್ಟಾಯಿತೇನೋ ಎಂದು ಅವಳು ನೋಡಿದಳು. ಆಗಿರಲಿಲ್ಲ.

“ಸುಳ್ಳು ಅಂತ ನಂಗ ಅವತ್ತೇ ಗೊತ್ತಾತು ಕಣವ್ವ,” ಎಂದಳು ಗುಡ್ಡಮ್ಮ. ಸಿಟ್ಟಿಲ್ಲ, ಅಳುವಿಲ್ಲ, ಹೊಲದಲ್ಲಿ ಯಾರಿಗೋ ದಾರಿ ಹೇಳುವ ದನಿ. “ಓದೋರ ಕಣ್ಣು ಕಾಗದದ ಮ್ಯಾಗ ಓಡ್ತಿರ್ತಾವ. ನಿಂದು ಒಂದೇ ಕಡೆ ನಿಂತಿತ್ತು. ಉಡ್ಯಾಗ ಅಕ್ಕಿ ಇತ್ತಲ್ಲ, ಹೆಂಗ ಒಲ್ಲೆ ಅನ್ಲಿ? ಒತ್ತಿದೆ. ಹದಿಮೂರು ವರ್ಷಾತು, ಒಬ್ರಾದ್ರೂ ಫೋನ್ ಮಾಡ್ತಾರೇನೋ ಅಂತ ನೋಡ್ತಾ ಇದ್ದೆ.”

ಸಿದ್ಧಲಿಂಗೇಶ್ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿದ್ದ, ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಪರಮಶಿವಪ್ಪ ಮಣೆಯ ಮೇಲಿದ್ದ ತನ್ನ ಕಾಗದವನ್ನು ನೋಡುತ್ತಿದ್ದ, ಎತ್ತಿಕೊಳ್ಳಲೂ ಇಲ್ಲ, ಅವಳ ಕಡೆ ತಳ್ಳಲೂ ಇಲ್ಲ.

“ಏನ ಸುಮ್ಕಾದಿ?” ಎಂದಳು ಗುಡ್ಡಮ್ಮ. “ರಿಜಿಸ್ಟ್ರಾಫೀಸಿಗೆ ಯಾವತ್ತು ಬರ್ಲಿ ಹೇಳು.”

“ಸೋಮವಾರ,” ಎಂದಳು ಜ್ಯೋತಿಲಕ್ಷ್ಮಿ. ಆಮೇಲೆ ಎಲ್ಲರಿಗೂ ಕೇಳಿಸಲೆಂದು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದಳು.